ಒಂದು ವಿಳಾಸದ ಹಿಂದೆ ಹತ್ತು ಯಂತ್ರ

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ 'ಡೇಟಾಒನ್' ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಕೊಡತೊಡಗಿದಾಗ ಗ್ರಾಹಕರ ಮನೆಗೆ ಬರುತ್ತಿದ್ದದ್ದು ಒಂದು ಮೋಡೆಮ್ ಮತ್ತು ಎರಡು ತಂತಿ. ಒಂದು ತಂತಿ ಗೋಡೆಯ ಫೋನ್ ಪೆಟ್ಟಿಗೆಗೆ, ಇನ್ನೊಂದು ಕಂಪ್ಯೂಟರಿಗೆ. ವೇಗ ಸೆಕೆಂಡಿಗೆ 256 ಕಿಲೋಬಿಟ್. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಹೊರಬಿದ್ದಿದ್ದ ಕೇಂದ್ರ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಈ 256 ಅನ್ನೇ ಕನಿಷ್ಠ ಅರ್ಹತೆ ಎಂದು ಗೊತ್ತುಮಾಡಿತ್ತು. ಇವತ್ತು ನಗು ತರಿಸುವ ವೇಗ ನಿಜ. ಆದರೆ ಮೋಡೆಮ್ಮಿನ ಕೀಚಲು ಸದ್ದು ಕೇಳುತ್ತ ಡಯಲ್-ಅಪ್‌ಗಾಗಿ ಕಾದು ಕೂತಿದ್ದವರಿಗೆ ಅದು ಹಬ್ಬವೇ ಆಗಿತ್ತು.

ಹಬ್ಬದ ಸಡಗರ ಇಳಿಯುವ ಮೊದಲೇ ತಕರಾರು ಹುಟ್ಟುತ್ತಿತ್ತು. ಮನೆಯಲ್ಲಿ ಎರಡನೇ ಕಂಪ್ಯೂಟರ್ ಬಂದರೆ? ಅಣ್ಣನ ಹಳೆಯದು ಹಾಲ್‌ನಲ್ಲಿ, ತಂಗಿಯ ಕಾಲೇಜಿಗೆಂದು ತಂದದ್ದು ಒಳಕೋಣೆಯಲ್ಲಿ, ಸಂಪರ್ಕ ಮಾತ್ರ ಒಂದೇ. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಲೈನ್ ಹಿಡಿಯುವ ಕೆಲಸವನ್ನು ಬಹಳಷ್ಟು ಮನೆಗಳಲ್ಲಿ ಕಂಪ್ಯೂಟರೇ ಮಾಡುತ್ತಿತ್ತು. ಮೋಡೆಮ್ ಬರೀ ಸಂಕೇತ ದಾಟಿಸುವ ಸೇತುವೆ. ಬೆಂಗಳೂರಿನ ಬಡಾವಣೆಗಳಲ್ಲಿ ಇಂಟರ್ನೆಟ್ ಕೊಡುತ್ತಿದ್ದ ಕೇಬಲ್‌ನವರು ಇನ್ನೂ ಬಿಗಿ. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೆ ಕಾರ್ಖಾನೆಯಲ್ಲೇ ಬರೆದಿರುವ ಗುರುತು ಸಂಖ್ಯೆಯನ್ನು, ಅಂದರೆ ಮ್ಯಾಕ್ ವಿಳಾಸವನ್ನು, ತಮ್ಮ ಖಾತೆಗೆ ಕಟ್ಟಿಹಾಕಿಬಿಡುತ್ತಿದ್ದರು. ಬೇರೆ ಯಂತ್ರಕ್ಕೆ ತಂತಿ ಚುಚ್ಚಿದರೆ ಏನೂ ಬಾರದು. ಹಾಗಾಗಿ ಎರಡನೆಯ ಕಂಪ್ಯೂಟರಿಗೆ ಇದ್ದ ದಾರಿ ಒಂದೇ: ಮೊದಲನೆಯದರ ಮೂಲಕ ಹೋಗುವುದು.

ಈ ಏರ್ಪಾಡು ಹಳೆಯದಾಯಿತು ಎಂದು ಅನೇಕರು ಭಾವಿಸಿದ್ದಾರೆ. ಮನೆಮನೆಯಲ್ಲೂ ವೈಫೈ ಬಂದ ಮೇಲೆ ಒಂದು ಕಂಪ್ಯೂಟರಿನ ಬೆನ್ನು ಹತ್ತಿ ಇನ್ನೊಂದು ಕಂಪ್ಯೂಟರ್ ಅಂತರ್ಜಾಲ ಸೇರುವುದೆಲ್ಲಿ? ಹತ್ತಿರದಿಂದ ನೋಡಿದರೆ ಆ ಕಂಪ್ಯೂಟರ್ ಎಲ್ಲಿಗೂ ಹೋಗಿಲ್ಲ. ವೇಷ ಬದಲಿಸಿ ರೌಟರ್ ಆಗಿದೆ, ಫೋನ್ ಆಗಿದೆ, ಕೊನೆಗೆ ಸೇವಾ ಕಂಪನಿಯ ಕಟ್ಟಡದೊಳಗೂ ಸೇರಿಕೊಂಡಿದೆ. ವೇಷ ಬದಲಾದಂತೆಲ್ಲ ಹಂಚಿಕೆಯ ಬೀಗದ ಕೈ ಮನೆಯವರಿಂದ ಸ್ವಲ್ಪ ಸ್ವಲ್ಪವೇ ದೂರ ಸರಿದಿದೆ.

ವಿಳಾಸದ ಬರ

ಎಲ್ಲಕ್ಕೂ ಮೂಲ ವಿಳಾಸಗಳ ಕೊರತೆ. 1983ರ ಜನವರಿ 1ರಂದು ಅರ್ಪಾನೆಟ್ ಜಾಲ ಇಂದಿನ ಟಿಸಿಪಿ/ಐಪಿ ಪದ್ಧತಿಗೆ ಬದಲಾದಾಗ ಪ್ರತಿ ಯಂತ್ರದ ವಿಳಾಸಕ್ಕೆ 32 ಬಿಟ್ ಜಾಗ ಇಟ್ಟಿದ್ದರು. ಅದರಲ್ಲಿ ಹಿಡಿಯುವುದು ಸುಮಾರು 430 ಕೋಟಿ ವಿಳಾಸ. ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳ ಕೆಲವು ನೂರು ಯಂತ್ರಗಳಿಗೆ ಅದು ಬೇಕಾದಷ್ಟಾಯಿತು. ತೊಂಬತ್ತರ ದಶಕದ ಆರಂಭದಲ್ಲಿ ವ್ಯಾಪಾರಿ ಸಂಸ್ಥೆಗಳು ಒಳಗೆ ಬರತೊಡಗಿದ ಮೇಲೆ ಈ ದಾಸ್ತಾನು ಬೇಗ ಕರಗುತ್ತದೆ ಎಂಬುದು ಎಂಜಿನಿಯರುಗಳಿಗೆ ಗೊತ್ತಾಯಿತು.

1994ರ ಮೇ ತಿಂಗಳಲ್ಲಿ ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಇದಕ್ಕೊಂದು ಉಪಾಯ ಬರೆದರು. ಅಂತರ್ಜಾಲದ ದಸ್ತಾವೇಜುಗಳಲ್ಲಿ ಅದರ ಸಂಖ್ಯೆ ಆರ್‌ಎಫ್‌ಸಿ 1631. ಒಳಗಿನ ಯಂತ್ರಗಳಿಗೆ ಖಾಸಗಿ ವಿಳಾಸ ಕೊಡಿ; ಬಾಗಿಲಲ್ಲಿರುವ ಒಂದು ಯಂತ್ರಕ್ಕೆ ಮಾತ್ರ ನಿಜವಾದ ವಿಳಾಸ ಇರಲಿ; ಒಳಗಿನಿಂದ ಹೊರಡುವ ಪ್ರತಿಯೊಂದು ಮಾಹಿತಿ ಪೊಟ್ಟಣದ ಮೇಲಿನ ವಿಳಾಸವನ್ನು ಅದು ಅಳಿಸಿ ತನ್ನದನ್ನು ಬರೆಯಲಿ. 10ರಿಂದ ಶುರುವಾಗುವ, 172.16ರಿಂದ 172.31ರವರೆಗಿನ ಮತ್ತು 192.168ರಿಂದ ಶುರುವಾಗುವ ವಿಳಾಸಗಳನ್ನು ಇಂಥ ಒಳಬಳಕೆಗೆಂದೇ ತೆಗೆದಿಟ್ಟರು. ಅವನ್ನು ಯಾರು ಬೇಕಾದರೂ, ಎಷ್ಟು ಮನೆಗಳಲ್ಲಿ ಬೇಕಾದರೂ ಬಳಸಬಹುದು, ಏಕೆಂದರೆ ಅವು ಹೊರಗೆ ಕಾಣುವುದೇ ಇಲ್ಲ.

ಹಳೆಯ ಮೈಸೂರು, ಬೆಂಗಳೂರಿನ ವಠಾರಗಳನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಬೀದಿಯಿಂದ ನೋಡಿದರೆ ಇಡೀ ವಠಾರಕ್ಕೆ ಒಂದೇ ಬಾಗಿಲ ಸಂಖ್ಯೆ. ಅಂಚೆಯವನು ಮುಂದಿನ ಮನೆಯಲ್ಲಿ ಕಾಗದ ಕೊಟ್ಟು ಹೋದರೆ ಅದು ಯಾರದೆಂದು ನೋಡಿ ತಲುಪಿಸುವುದು ಆ ಮನೆಯವರ ಕೆಲಸ. ಆದರೆ ಕಾಗದದ ಮೇಲೆ ಹೆಸರಿರುತ್ತದೆ, ಅಂತರ್ಜಾಲದ ಪೊಟ್ಟಣದ ಮೇಲೆ ಇರುವುದಿಲ್ಲ. ಅದಕ್ಕೆ ಬಾಗಿಲ ಯಂತ್ರ 'ಪೋರ್ಟ್' ಎಂಬ 16 ಬಿಟ್ ಸಂಖ್ಯೆಯ ಮೊರೆಹೋಗುತ್ತದೆ. ಒಳಗಿನ ಯಾವ ಯಂತ್ರ, ಯಾವ ಕೆಲಸಕ್ಕೆ, ಹೊರಗಿನ ಯಾರೊಡನೆ ಮಾತಾಡುತ್ತಿದೆ ಎಂದು ಒಂದು ಪಟ್ಟಿ ಇಟ್ಟುಕೊಂಡು, ಪ್ರತಿಯೊಂದಕ್ಕೂ ಒಂದು ಪೋರ್ಟ್ ಸಂಖ್ಯೆ ಗೊತ್ತುಮಾಡುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಸರಿಯಾದ ಕೋಣೆಗೆ ಕಳಿಸುತ್ತದೆ. ಹೀಗೆ ಹಂಚಲು 65,536 ಸಂಖ್ಯೆಗಳಿವೆ. ಒಂದು ಮನೆಗೆ ಧಾರಾಳವಾಗಿ ಸಾಕು.

ಬರೆದವರೇ ಇದನ್ನು ಅಲ್ಪಕಾಲದ ಪರಿಹಾರ ಎಂದು ಕರೆದಿದ್ದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಇದರ ಕತೆಯೂ ಅಷ್ಟೇ ಆಯಿತು. ಮೂವತ್ತು ವರ್ಷ ಕಳೆದರೂ ಅದೇ ಏರ್ಪಾಡು ನಡೆದಿದೆ.

ಡಬ್ಬಿಯೊಳಗೇ ಬಂದ ಸೌಲಭ್ಯ

ಮನೆಗೆ ಬರುವ ಮುಂಚೆ ಈ ಹಂಚಿಕೆ ಕಚೇರಿ ಮತ್ತು ಸೈಬರ್ ಕೆಫೆಗಳಲ್ಲಿ ಪಳಗಿತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರುವರ್ಷ ಜುಲೈನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದು ಸೈಬರ್ ಕೆಫೆಯಾಗಿಯೇ. ಇಂಥ ಕಡೆ ಸಾಲಾಗಿ ಕೂತ ಯಂತ್ರಗಳಿಗೆಲ್ಲ ಬೇರೆ ಬೇರೆ ಫೋನ್ ಲೈನ್ ಹಾಕಿಸುವುದು ದುಬಾರಿ. ನ್ಯೂಜಿಲೆಂಡಿನಿಂದ ಬಂದ 'ವಿನ್‌ಗೇಟ್' ತರಹದ ಪ್ರಾಕ್ಸಿ ತಂತ್ರಾಂಶಗಳು ಈ ಕೆಲಸಕ್ಕೆ ನಿಂತವು. ಪ್ರಾಕ್ಸಿ ಎಂದರೆ ಒಳಗಿನವರ ಪರವಾಗಿ ತಾನೇ ಹೊರಗೆ ಹೋಗಿ ಕೇಳಿ ತಂದುಕೊಡುವ ಮಧ್ಯಸ್ಥ. ಬ್ರೌಸರಿಗೆ ಒಂದು ವ್ಯವಸ್ಥೆ, ಅಂಚೆಗೆ ಇನ್ನೊಂದು, ಚಾಟ್‌ಗೆ ಮತ್ತೊಂದು ಎಂದು ಪ್ರತಿಯೊಂದು ಯಂತ್ರದಲ್ಲೂ ಹೊಂದಿಸಬೇಕಿತ್ತು. ಲಿನಕ್ಸ್ ಬಲ್ಲವರು ಮಾತ್ರ ಈ ತಲೆನೋವಿನಿಂದ ಪಾರಾಗಿದ್ದರು. ಅವರ ವ್ಯವಸ್ಥೆಯ ಕರ್ನೆಲ್ಲಿನಲ್ಲೇ 'ಮಾಸ್ಕರೇಡಿಂಗ್' ಹೆಸರಿನಲ್ಲಿ ವಿಳಾಸ ಬದಲಿಸುವ ವಿದ್ಯೆ ಅಡಕವಾಗಿತ್ತು.

ಸಾಮಾನ್ಯ ಬಳಕೆದಾರನ ಕೈಗೆ ಅದು ಬಂದದ್ದು 1999ರಲ್ಲಿ, ವಿಂಡೋಸ್ 98ರ ಎರಡನೇ ಆವೃತ್ತಿಯೊಂದಿಗೆ. 'ಇಂಟರ್ನೆಟ್ ಕನೆಕ್ಷನ್ ಶೇರಿಂಗ್', ಚಿಕ್ಕದಾಗಿ ಐಸಿಎಸ್, ಎಂಬ ಸೌಲಭ್ಯ ಅದರಲ್ಲಿ ಉಚಿತವಾಗಿ ಸೇರಿತ್ತು. ಅದನ್ನು ಚಾಲೂ ಮಾಡಿದರೆ ಆ ಕಂಪ್ಯೂಟರ್ ತನಗೆ 192.168.0.1 ಎಂಬ ವಿಳಾಸ ಇಟ್ಟುಕೊಂಡು, ಕೇಳಿ ಬಂದ ಯಂತ್ರಗಳಿಗೆಲ್ಲ ಮುಂದಿನ ಸಂಖ್ಯೆಗಳನ್ನು ಹಂಚುತ್ತಿತ್ತು. 2000ದ ಫೆಬ್ರುವರಿಯ ವಿಂಡೋಸ್ 2000, 2001ರ ಎಕ್ಸ್‌ಪಿ ಎರಡರಲ್ಲೂ ಅದು ಮುಂದುವರಿಯಿತು. ಎಕ್ಸ್‌ಪಿಯಲ್ಲಂತೂ ಸಂಪರ್ಕದ ಮೇಲೆ ಬಲಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಒಂದು ಚೌಕದಲ್ಲಿ ಗುರುತು ಹಾಕಿದರೆ ಮುಗಿಯಿತು. ಆಪಲ್ ಕಂಪನಿ 2002ರಲ್ಲಿ ಮ್ಯಾಕ್ ಓಎಸ್ 10.2ರಲ್ಲಿ ಇಂಥದ್ದೇ ಸೌಲಭ್ಯ ತಂದಿತು.

ಬೇಕಾದ ಸಾಮಾನು ಹೆಚ್ಚಿಲ್ಲ. ಹಂಚುವ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡು: ಒಂದು ಮೋಡೆಮ್ಮಿನ ಕಡೆಗೆ, ಇನ್ನೊಂದು ಮನೆಯೊಳಕ್ಕೆ. ರಿಯಲ್‌ಟೆಕ್ 8139 ಚಿಪ್ಪಿನ ಅಗ್ಗದ ಕಾರ್ಡು ಆ ಕಾಲದಲ್ಲಿ ಎಲ್ಲೆಲ್ಲೂ ಸಿಗುತ್ತಿತ್ತು. ಎರಡೇ ಯಂತ್ರವಾದರೆ ನಡುವೆ 'ಕ್ರಾಸ್‌ಓವರ್' ಕೇಬಲ್ ಬೇಕು, ಅಂದರೆ ಕಳಿಸುವ ಎಳೆ ಮತ್ತು ಪಡೆಯುವ ಎಳೆಗಳನ್ನು ಒಂದು ತುದಿಯಲ್ಲಿ ಅದಲುಬದಲು ಮಾಡಿದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಉದ್ದ ಹೇಳಿದರೆ ಕ್ರಿಂಪ್ ಮಾಡಿ ಕೊಡುತ್ತಿದ್ದರು. ಯಂತ್ರ ಮೂರಾದರೆ ಮಧ್ಯೆ ಒಂದು ಹಬ್ ಅಥವಾ ಸ್ವಿಚ್.

ಹಂಚುವ ಯಂತ್ರದ ಪಾಡು

ಕೆಲಸ ಸುಲಭವಾಯಿತೇನೋ ಸರಿ, ಆದರೆ ಹೊರೆ ಎಲ್ಲ ಒಂದೇ ಯಂತ್ರದ ತಲೆಗೆ ಬಿತ್ತು. ತಂಗಿ ಒಳಕೋಣೆಯಲ್ಲಿ ಅಂಚೆ ನೋಡಬೇಕಾದರೆ ಹಾಲ್‌ನ ಕಂಪ್ಯೂಟರ್ ಚಾಲೂ ಇರಲೇಬೇಕು. ಅಣ್ಣ ಆಟ ಮುಗಿಸಿ ಆರಿಸಿದರೆ ಅವಳದ್ದೂ ಹೋಯಿತು. ಅದು ಸ್ಥಗಿತಗೊಂಡು ರೀಸ್ಟಾರ್ಟ್ ಆದರೆ ಎಲ್ಲರದ್ದೂ ಹೋಯಿತು.

ವಿದ್ಯುತ್ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ಹಂಚುವ ಕಂಪ್ಯೂಟರ್ 100 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ದಿನವಿಡೀ ಉರಿಸಿದಾಗ 2.4 ಯೂನಿಟ್, ತಿಂಗಳಿಗೆ 72 ಯೂನಿಟ್. ಅದೇ ಕೆಲಸ ಮಾಡುವ 10 ವ್ಯಾಟ್‌ನ ರೌಟರಿಗೆ ತಿಂಗಳಿಗೆ 7.2 ಯೂನಿಟ್ ಸಾಕು. ಡೇಟಾಒನ್‌ನ ಕೆಲವು ಪ್ಲಾನ್‌ಗಳಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಡೌನ್‌ಲೋಡಿಗೆ ಮಿತಿ ಇರಲಿಲ್ಲವಾದ್ದರಿಂದ ಯಂತ್ರಗಳನ್ನು ರಾತ್ರಿಯಿಡೀ ಚಾಲೂ ಬಿಡುವುದೂ ರೂಢಿಯಾಗಿತ್ತು. ಕರೆಂಟು ಹೋದರೆ ಕಂಪ್ಯೂಟರಿನ ಯುಪಿಎಸ್ ಬರೀ ಕೆಲವು ನಿಮಿಷಕ್ಕೆ ಸಾಕಾಗುತ್ತಿತ್ತು. ಇವತ್ತು ಅಂಗೈಯಗಲದ 12 ವೋಲ್ಟಿನ ಯುಪಿಎಸ್ ಇಟ್ಟು ರೌಟರನ್ನು ಗಂಟೆಗಟ್ಟಲೆ ನಡೆಸುವವರಿಗೆ ಆ ಫಜೀತಿ ಗೊತ್ತಿಲ್ಲ.

ಮೂರನೆಯದು ಭದ್ರತೆ. ವಿಳಾಸ ಬದಲಿಸುವ ಏರ್ಪಾಡಿಗೆ ಯಾರೂ ಬಯಸದೆ ಬಂದ ಒಂದು ಗುಣವಿದೆ: ಒಳಗಿನವರು ತಾವಾಗಿ ಮಾತು ತೆಗೆಯದೆ ಹೊರಗಿನವರು ಅವರನ್ನು ಮುಟ್ಟಲಾರರು, ಏಕೆಂದರೆ ಪಟ್ಟಿಯಲ್ಲಿ ಅಂಥ ಮಾತುಕತೆಯ ದಾಖಲೆಯೇ ಇರುವುದಿಲ್ಲ. 2003ರ ಆಗಸ್ಟಿನಲ್ಲಿ 'ಬ್ಲಾಸ್ಟರ್' ಎಂಬ ವರ್ಮ್ ಹಬ್ಬಿದಾಗ ಇದರ ಬೆಲೆ ತಿಳಿಯಿತು. ಅಂತರ್ಜಾಲಕ್ಕೆ ನೇರವಾಗಿ ತೆರೆದುಕೊಂಡಿದ್ದ ಎಕ್ಸ್‌ಪಿ ಮತ್ತು ವಿಂಡೋಸ್ 2000 ಯಂತ್ರಗಳಿಗೆ ಅದು ತಾನಾಗಿಯೇ ನುಗ್ಗಿತು. ಬಳಕೆದಾರ ಏನನ್ನೂ ಒತ್ತಬೇಕಿರಲಿಲ್ಲ. ಹಿಂದೆ ಕೂತ ಯಂತ್ರಗಳು ಹೊರಗಿನ ನೇರ ದಾಳಿಯಿಂದ ಉಳಿದವು. ಆದರೆ ಐಸಿಎಸ್ ನಡೆಸುತ್ತಿದ್ದ ಯಂತ್ರ ನಿಂತಿದ್ದದ್ದು ಹೊಸ್ತಿಲಾಚೆ. ಎಕ್ಸ್‌ಪಿಯ ಜೊತೆಗೇ ಬಂದ ಫೈರ್‌ವಾಲ್ ಆಗಿನ್ನೂ ತಾನಾಗಿ ಚಾಲೂ ಆಗುತ್ತಿರಲಿಲ್ಲ. ಮುಂಬಾಗಿಲ ಯಂತ್ರಕ್ಕೆ ಸೋಂಕು ತಗುಲಿದರೆ ಒಳಗಿನ ಯಂತ್ರಗಳಿಗೆ ಹಬ್ಬಲು ಎಷ್ಟು ಹೊತ್ತು? 2004ರ ಆಗಸ್ಟಿನಲ್ಲಿ ಎರಡನೇ ಸರ್ವಿಸ್ ಪ್ಯಾಕ್ ಬಂದ ಮೇಲಷ್ಟೇ ಮೈಕ್ರೋಸಾಫ್ಟ್ ಫೈರ್‌ವಾಲನ್ನು ಚಾಲೂ ಸ್ಥಿತಿಯಲ್ಲೇ ಕೊಡತೊಡಗಿತು.

ಇನ್ನು ಮನೆಯೊಳಗಿನ ಜಗಳ. ಒಬ್ಬರು ದೊಡ್ಡ ಕಡತ ಕಳಿಸಲು ಹೊರಟರೆ ಉಳಿದವರ ಪುಟಗಳು ತೆರೆಯುವುದೇ ಇಲ್ಲ. ಡೇಟಾಒನ್‌ನಂಥ ಎಡಿಎಸ್‌ಎಲ್ ಲೈನಿನಲ್ಲಿ ಕಳಿಸುವ ವೇಗ ಪಡೆಯುವ ವೇಗಕ್ಕಿಂತ ತೀರಾ ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದನ್ನು ಪತ್ತೆಹಚ್ಚಿದವರು ಅಮೆರಿಕದ ಜಿಮ್ ಗೆಟ್ಟಿಸ್. ಬೆಲ್ ಲ್ಯಾಬ್ಸ್‌ನಲ್ಲಿದ್ದ ಅವರು 2010ರಲ್ಲಿ ತಮ್ಮ ಮನೆಯ ಸಂಪರ್ಕ ಅಪ್‌ಲೋಡ್ ಸಮಯದಲ್ಲಿ ಏದುಸಿರು ಬಿಡುವುದನ್ನು ಬೆನ್ನುಹತ್ತಿ ಹೋದರು. ಮೋಡೆಮ್ ಮತ್ತು ರೌಟರ್ ತಯಾರಕರು ಮೆಮೊರಿ ಅಗ್ಗವಾಯಿತೆಂದು ಬಫರನ್ನು, ಅಂದರೆ ಪೊಟ್ಟಣಗಳು ಕಾಯುವ ಜಾಗವನ್ನು, ಬೇಕಾಬಿಟ್ಟಿ ದೊಡ್ಡದು ಮಾಡಿದ್ದರು. ಪೊಟ್ಟಣಗಳು ಅಲ್ಲೇ ಸಾಲುಗಟ್ಟಿ ಸೆಕೆಂಡುಗಟ್ಟಲೆ ತಡವಾಗುತ್ತಿದ್ದವು. 'ಬಫರ್‌ಬ್ಲೋಟ್' ಎಂದು ಹೆಸರಾದ ಈ ಕಾಯಿಲೆಗೆ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ 'ಕೋಡೆಲ್' ಎಂಬ ಮದ್ದು ಕಂಡುಹಿಡಿದರು. ಸಾಲಿನಲ್ಲಿ ಕಾಯುವ ಹೊತ್ತು ಮಿತಿ ಮೀರಿದರೆ ಪೊಟ್ಟಣವನ್ನು ಬಿಸಾಡಿ, ಕಳಿಸುವವರಿಗೆ ನಿಧಾನಿಸಲು ಸೂಚಿಸುವ ವಿಧಾನ ಅದು. ಅದರ ಸುಧಾರಿತ ರೂಪ ಇಂದು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೌಟರುಗಳಲ್ಲಿ ಇದ್ದೇ ಇರುತ್ತದೆ. ಐಸಿಎಸ್‌ನ ಆ ಒಂದು ಚೌಕದಲ್ಲಿ ಇಂಥ ನ್ಯಾಯ ತೀರ್ಮಾನಕ್ಕೆ ಅವಕಾಶವೇ ಇರಲಿಲ್ಲ.

ರೌಟರೂ ಒಂದು ಕಂಪ್ಯೂಟರೇ

ತಮಾಷೆಯೆಂದರೆ, ಡೇಟಾಒನ್ ಮನೆಗಳಲ್ಲಿ ಎರಡನೇ ಕಾರ್ಡು, ಕ್ರಾಸ್‌ಓವರ್ ಕೇಬಲ್ ಎಂದು ಒದ್ದಾಡಿದವರಲ್ಲಿ ಅನೇಕರಿಗೆ ಅದರ ಅಗತ್ಯವೇ ಇರಲಿಲ್ಲ. ಆಗ ಬರುತ್ತಿದ್ದ ಹುವಾವೇ ಎಂಟಿ882ರಂಥ ಮೋಡೆಮ್ಮಿನ ಹೊಟ್ಟೆಯೊಳಗೇ ವಿಳಾಸ ಬದಲಿಸುವ ವಿದ್ಯೆ ಇತ್ತು. ಬ್ರೌಸರಿನಲ್ಲಿ 192.168.1.1 ಎಂದು ಬರೆದು, 'ಅಡ್ಮಿನ್' ಎಂಬ ಹೆಸರು, 'ಅಡ್ಮಿನ್' ಎಂಬುದೇ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು, 'ಬ್ರಿಡ್ಜ್' ಎಂದಿದ್ದದ್ದನ್ನು 'ಪಿಪಿಪಿಓಇ' ಎಂದು ಬದಲಿಸಿ, ಬಿಎಸ್‌ಎನ್‌ಎಲ್ ಕೊಟ್ಟ ಬಳಕೆದಾರರ ಹೆಸರನ್ನು ಅಲ್ಲೇ ತುಂಬಿದರೆ ಮೋಡೆಮ್ ತಾನೇ ಲೈನ್ ಹಿಡಿಯುತ್ತಿತ್ತು. ಮುಂದಕ್ಕೊಂದು ಅಗ್ಗದ ಸ್ವಿಚ್ ಹಾಕಿದರೆ ಮನೆಮಂದಿಗೆಲ್ಲ ಇಂಟರ್ನೆಟ್. ಈ ಗುಟ್ಟು ಗೆಳೆಯರಿಂದ ಗೆಳೆಯರಿಗೆ ಹಬ್ಬಿತು. ಜೊತೆಗೆ 'ಅಡ್ಮಿನ್, ಅಡ್ಮಿನ್' ಎಂಬ ಪಾಸ್‌ವರ್ಡನ್ನು ಯಾರೂ ಬದಲಿಸದ ಅಭ್ಯಾಸವೂ ಉಳಿದುಕೊಂಡಿತು.

ಪ್ರತ್ಯೇಕ ವೈಫೈ ರೌಟರುಗಳ ಪೈಕಿ ಹೆಸರು ಮಾಡಿದ್ದು ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ. 2002ರ ಡಿಸೆಂಬರಿನಲ್ಲಿ ಬಂದ ಈ ನೀಲಿ-ಕಪ್ಪು ಡಬ್ಬಿಯ ಮೊದಲ ಮಾದರಿಯಲ್ಲಿ 125 ಮೆಗಾಹರ್ಟ್ಸ್ ಪ್ರೊಸೆಸರ್, 16 ಎಂಬಿ ರ‍್ಯಾಮ್ ಇತ್ತು. ಅದರೊಳಗೆ ಓಡುತ್ತಿರುವುದು ಲಿನಕ್ಸ್ ಎಂದು ಕೆಲವರು ಪತ್ತೆಮಾಡಿದರು. ಲಿನಕ್ಸ್ ಬಳಸಿದ ಮೇಲೆ ಮೂಲ ಸಂಕೇತ ಬಿಚ್ಚಿಡುವುದು ಲೈಸೆನ್ಸಿನ ಷರತ್ತು. 2003ರಲ್ಲಿ ಕಂಪನಿ ಅದನ್ನು ಬಿಡುಗಡೆ ಮಾಡಬೇಕಾಯಿತು. ಅದರ ಮೇಲೆ 2004ರಲ್ಲಿ ಹುಟ್ಟಿದ್ದೇ ಓಪನ್‌ಡಬ್ಲ್ಯುಆರ್‌ಟಿ. ಹಳೆಯ ಕಂಪ್ಯೂಟರಿನಲ್ಲಿ ಮಾಸ್ಕರೇಡಿಂಗ್ ಮಾಡುತ್ತಿದ್ದ ಅದೇ ತಂತ್ರಾಂಶ ಈ ಡಬ್ಬಿಯಲ್ಲಿತ್ತು. ಕೀಲಿಮಣೆ, ಪರದೆ, ಫ್ಯಾನ್ ಇರಲಿಲ್ಲ ಅಷ್ಟೇ.

ಡಾಂಗಲ್ ಕಾಲದ ಮರುಜನ್ಮ

ರೌಟರ್ ಗೆದ್ದಿತು ಎನ್ನುವಷ್ಟರಲ್ಲಿ ಕಂಪ್ಯೂಟರ್ ಮೂಲಕ ಹಂಚುವ ಪದ್ಧತಿ ಮತ್ತೆ ಬೇಕಾಯಿತು. ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್ ಮುಂತಾದ ಯುಎಸ್‌ಬಿ ಡಾಂಗಲ್‌ಗಳು ಬಂದವು. ಫೋನ್ ಲೈನ್ ಇಲ್ಲದ ಬಾಡಿಗೆ ಮನೆ, ಪಿಜಿ, ಹಾಸ್ಟೆಲ್‌ಗಳಿಗೆ ಅವು ವರದಾನ. ಆದರೆ ಡಾಂಗಲ್ ಚುಚ್ಚುವುದು ಒಂದು ಲ್ಯಾಪ್‌ಟಾಪಿಗೆ. ಕೋಣೆಯಲ್ಲಿ ಇರುವವರು ಮೂವರು.

ದಾರಿ ತೋರಿದ್ದು 2009ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 7. ಅದರಲ್ಲಿ ಒಂದೇ ವೈಫೈ ಕಾರ್ಡು ಎರಡು ಕಾರ್ಡುಗಳಂತೆ ನಟಿಸಬಲ್ಲದಾಗಿತ್ತು. ಇದರ ಬೀಜ ಬಿದ್ದದ್ದು ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ, ಜಮ್‌ಶೆಡ್‌ಪುರ ಮೂಲದ ರಣವೀರ್ ಚಂದ್ರ ಅವರು ಪರಮವೀರ್ ಬಹ್ಲ್ ಮತ್ತು ಪ್ರದೀಪ್ ಬಹ್ಲ್ ಜೊತೆ ನಡೆಸಿದ 'ಮಲ್ಟಿನೆಟ್' ಸಂಶೋಧನೆಯಲ್ಲಿ. ಅವರ ಪ್ರಬಂಧ ಪ್ರಕಟವಾದದ್ದು 2004ರಲ್ಲಿ. ವಿಂಡೋಸ್ 7ರ ಕಪ್ಪು ಆದೇಶ ಕಿಟಕಿಯಲ್ಲಿ 'ನೆಟ್‌ಎಸ್‌ಎಚ್' ಎಂದು ಶುರುವಾಗುವ ಎರಡು ಸಾಲು ಬರೆದರೆ ಲ್ಯಾಪ್‌ಟಾಪೇ ವೈಫೈ ಕೇಂದ್ರ. ಅದರ ಮೇಲೆ ಹಳೆಯ ಐಸಿಎಸ್ ಚೌಕದಲ್ಲಿ ಗುರುತು ಹಾಕಿದರೆ ಡಾಂಗಲ್ಲಿನ ಇಂಟರ್ನೆಟ್ ಗಾಳಿಯಲ್ಲೇ ಹಂಚಿಹೋಗುತ್ತಿತ್ತು. ಸಾಲು ಬರೆಯಲು ಬೇಸರವಾದವರಿಗೆ 'ಕನೆಕ್ಟಿಫೈ'ನಂಥ ತಂತ್ರಾಂಶಗಳು ಇದ್ದವು. ಇದೇ ಆವೃತ್ತಿಯಿಂದ ಐಸಿಎಸ್‌ನ ವಿಳಾಸ 192.168.137.1 ಎಂದಾಯಿತು. 192.168.0.1 ಎಂಬುದು ಎಷ್ಟೋ ರೌಟರುಗಳಿಗೂ ಅದೇ ಆಗಿದ್ದು, ಎರಡೂ ಡಿಕ್ಕಿಯಾಗುತ್ತಿದ್ದ ಕಾಟ ಇದರಿಂದ ತಗ್ಗಿತು.

ಆಮೇಲಿನ ಸರದಿ ಫೋನಿನದು. 2010ರ ಮೇ ತಿಂಗಳ ಆಂಡ್ರಾಯ್ಡ್ 2.2ರಲ್ಲಿ ಹಾಟ್‌ಸ್ಪಾಟ್ ಬಂತು; ಮರುವರ್ಷ ಐಫೋನಿನಲ್ಲೂ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾಗಿ ಡೇಟಾ ಅಗ್ಗವಾದ ಮೇಲೆ ಫೋನಿನಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡುವುದು ಹೇಳಿಕೊಡಬೇಕಾದ ವಿದ್ಯೆಯಾಗಿ ಉಳಿಯಲಿಲ್ಲ. ಕೊರೋನಾ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರು ಬಿಟ್ಟು ಮಲೆನಾಡು, ಕರಾವಳಿಯ ಊರುಗಳಿಗೆ ಮರಳಿದವರು ಸಿಗ್ನಲ್ ಸಿಗುವ ಅಟ್ಟದ ಕಿಟಕಿಯಲ್ಲಿ ಫೋನಿಟ್ಟು, ಕೆಳಗೆ ಕೂತು ಕಚೇರಿ ಕೆಲಸ ಮಾಡಿದ್ದು ಈ ಹಂಚಿಕೆಯಿಂದಲೇ. ಫೋನಿನೊಳಗೆ ನಡೆಯುವುದೂ ಅದೇ: ಖಾಸಗಿ ವಿಳಾಸ ಹಂಚು, ಪಟ್ಟಿ ಇಡು, ಹೊರ ವಿಳಾಸ ಅಂಟಿಸು.

ಎಣಿಸುವವರು, ಹೊಣೆ ಹೊರುವವರು

ಒಂದು ಸಂಪರ್ಕಕ್ಕೆ ಹಣ ಪಡೆದ ಕಂಪನಿ ಅದರ ಹಿಂದೆ ಎಷ್ಟು ಯಂತ್ರಗಳಿವೆ ಎಂದು ಇಣುಕಬಹುದೇ? 2002ರಲ್ಲಿ ಎಟಿ ಅಂಡ್ ಟಿ ಲ್ಯಾಬ್ಸ್‌ನ ಸ್ಟೀವನ್ ಬೆಲೋವಿನ್ ಇದು ಸಾಧ್ಯವೆಂದು ತೋರಿಸಿದರು. ಪ್ರತಿ ಪೊಟ್ಟಣದ ಮೇಲೆ ಒಂದು ಕ್ರಮಸಂಖ್ಯೆ ಇರುತ್ತದೆ. ಆಗಿನ ಅನೇಕ ಯಂತ್ರಗಳು ಅದನ್ನು ಒಂದೊಂದಾಗಿ ಏರಿಸುತ್ತ ಹೋಗುತ್ತಿದ್ದವು. ಒಂದೇ ವಿಳಾಸದಿಂದ ಬರುವ ಪೊಟ್ಟಣಗಳಲ್ಲಿ ಇಂಥ ಎಷ್ಟು ಸರಣಿ ಬೇರೆ ಬೇರೆಯಾಗಿ ಕಾಣುತ್ತವೋ ಅಷ್ಟು ಯಂತ್ರ. ಇನ್ನೊಂದು ಸುಳಿವು ಪೊಟ್ಟಣದ 'ಆಯುಷ್ಯ'. ಅದು ಸಾಮಾನ್ಯವಾಗಿ 64 ಅಥವಾ 128ರಿಂದ ಹೊರಡುತ್ತದೆ, ದಾರಿಯ ಪ್ರತಿ ನಿಲ್ದಾಣದಲ್ಲೂ ಒಂದು ಕಡಿಮೆಯಾಗುತ್ತದೆ. ಫೋನಿನಿಂದ ನೇರ ಬರಬೇಕಾದದ್ದು 63 ಅಥವಾ 127 ಆಗಿ ಬಂದರೆ ಹಿಂದೆ ಇನ್ನೊಂದು ಯಂತ್ರ ಅಡಗಿದೆ ಎಂದರ್ಥ.

ಹೊಣೆಯ ಮಾತು ಇದಕ್ಕಿಂತ ಗಂಭೀರ. ಹೊರಗಿನವರಿಗೆ ಕಾಣುವುದು ಒಂದೇ ವಿಳಾಸವಾದ್ದರಿಂದ ಹಿಂದೆ ಕೂತವರು ಯಾರು ಏನು ಮಾಡಿದರೂ ಉತ್ತರ ಹೇಳಬೇಕಾದವರು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ನಡೆಯುವ ಕೆಲವೇ ನಿಮಿಷ ಮುಂಚೆ ಮಾಧ್ಯಮಗಳಿಗೆ ಬಂದ ಬೆದರಿಕೆಯ ಇ-ಮೇಲ್ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈನ ಒಂದು ಮನೆಗೆ. ಅಲ್ಲಿನ ವೈಫೈಗೆ ಭದ್ರತೆ ಇರಲಿಲ್ಲ. ಹೊರಗಿನ ಯಾರೋ ಅದನ್ನು ಬಳಸಿಕೊಂಡಿದ್ದರು. ಆ ಘಟನೆಯ ನಂತರ ವೈಫೈಗೆ ಪಾಸ್‌ವರ್ಡ್ ಇರಲೇಬೇಕು ಎಂಬುದು ದೇಶಾದ್ಯಂತ ಚರ್ಚೆಯಾಯಿತು. ಪಕ್ಕದ ಮನೆಯವರಿಗೆ ಪಾಸ್‌ವರ್ಡ್ ಹೇಳಿ ತಿಂಗಳ ಬಿಲ್ಲನ್ನು ಹಂಚಿಕೊಳ್ಳುವವರು ಈ ಅಂಶವನ್ನು ನೆನಪಿಡಬೇಕು.

ಹಂಚುವುದನ್ನು ಕಾನೂನಿನ ಚೌಕಟ್ಟಿಗೆ ತರುವ ಯತ್ನವೂ ಆಗಿದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ 'ಪಿಎಂ-ವಾಣಿ' ಯೋಜನೆಯಡಿ ಚಹಾ ಅಂಗಡಿ, ಕಿರಾಣಿ ಅಂಗಡಿಯವರೂ ಲೈಸೆನ್ಸ್ ಶುಲ್ಕವಿಲ್ಲದೆ ತಮ್ಮ ಸಂಪರ್ಕವನ್ನು ಸಾರ್ವಜನಿಕರಿಗೆ ಮಾರಬಹುದು. ಬಳಸುವವರ ಗುರುತನ್ನು ಖಚಿತಪಡಿಸುವ, ದಾಖಲೆ ಇಡುವ ಕೆಲಸ ಅಂಗಡಿಯವರ ತಲೆಗೆ ಬರದೆ ಬೇರೆ ಸಂಸ್ಥೆಗಳಿಗೆ ಹೋಗುತ್ತದೆ.

ವಠಾರದೊಳಗೆ ವಠಾರ

2011ರ ಫೆಬ್ರುವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ವಿಳಾಸ ಗುಚ್ಛಗಳು ಖಾಲಿಯಾದವು. ಏಷ್ಯಾ-ಪೆಸಿಫಿಕ್ ಭಾಗದ ಹಂಚಿಕೆ ಅದೇ ಏಪ್ರಿಲ್ 15ರಿಂದ ಪಡಿತರದಂತಾಯಿತು. ಕೋಟಿಗಟ್ಟಲೆ ಮೊಬೈಲ್ ಗ್ರಾಹಕರು ಸೇರುತ್ತಿದ್ದ ಹೊತ್ತಿನಲ್ಲಿ ಕಂಪನಿಗಳಿಗೆ ಉಳಿದ ದಾರಿ ಎಂದರೆ ಮನೆಯಲ್ಲಿ ನಡೆಯುತ್ತಿದ್ದದ್ದನ್ನೇ ತಮ್ಮ ಕಟ್ಟಡದಲ್ಲೂ ಮಾಡುವುದು. ಒಂದು ನಿಜ ವಿಳಾಸದ ಹಿಂದೆ ಎಷ್ಟೋ ಮನೆಗಳು. ಇದಕ್ಕೆಂದೇ 2012ರ ಏಪ್ರಿಲಿನಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಟ್ಟರು.

ಬ್ರೌಸ್ ಮಾಡುವವರಿಗೆ, ವಿಡಿಯೊ ನೋಡುವವರಿಗೆ ಇದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುವುದು ಹೊರಗಿನಿಂದ ಮನೆಯನ್ನು ತಲುಪಬೇಕಾದಾಗ. ರೌಟರ್ ಮನೆಯದೇ ಆಗಿದ್ದಾಗ 'ಈ ಪೋರ್ಟಿಗೆ ಬಂದದ್ದನ್ನು ಆ ಯಂತ್ರಕ್ಕೆ ಕಳಿಸು' ಎಂದು ಬರೆದಿಡಬಹುದಿತ್ತು. ಕಂಪನಿಯ ಯಂತ್ರದಲ್ಲಿ ಹಾಗೆ ಬರೆಯಲು ಗ್ರಾಹಕನಿಗೆ ಅಧಿಕಾರವಿಲ್ಲ. ಅಡಿಕೆ ತೋಟಕ್ಕೆ 4ಜಿ ಸಿಮ್ ಹಾಕಿದ ಕ್ಯಾಮೆರಾ ಕೂರಿಸಿದವರು ತೋಟದ ದೃಶ್ಯವನ್ನು ಸಾಮಾನ್ಯವಾಗಿ ಕ್ಯಾಮೆರಾ ಕಂಪನಿಯ ಸರ್ವರ್ ಮಧ್ಯಸ್ಥಿಕೆಯಲ್ಲೇ ನೋಡಬೇಕಾಗುವುದು ಇದರಿಂದ. 2003ರಲ್ಲಿ ಬಂದ ಸ್ಕೈಪ್ ಗೆದ್ದದ್ದೂ ಈ ಅಡ್ಡಗೋಡೆಯನ್ನು ಜಾಣತನದಿಂದ ದಾಟಿದ್ದಕ್ಕೆ. ಮೈಸೂರಿನ ಅಜ್ಜಿ, ಕ್ಯಾಲಿಫೋರ್ನಿಯಾದ ಮೊಮ್ಮಗು ಇಬ್ಬರೂ ಖಾಸಗಿ ವಿಳಾಸದ ಹಿಂದಿದ್ದರೂ ಮಧ್ಯದ ಬೇರೆ ಯಂತ್ರಗಳ ನೆರವಿನಿಂದ ಅದು ಮಾತು ಸೇರಿಸುತ್ತಿತ್ತು.

ಮೂಲ ರೋಗಕ್ಕೆ ಔಷಧ 128 ಬಿಟ್‌ನ ಹೊಸ ವಿಳಾಸ ಪದ್ಧತಿಯಾದ ಐಪಿವಿ6. ಅದರಲ್ಲಿ ಒಂದು ಮನೆಗೆ ಸಿಗುವ ಅತಿ ಚಿಕ್ಕ ತುಂಡಿನಲ್ಲೇ ಹಳೆಯ ಅಂತರ್ಜಾಲದ 430 ಕೋಟಿಯನ್ನು 430 ಕೋಟಿಯಿಂದ ಗುಣಿಸಿದಷ್ಟು ವಿಳಾಸಗಳಿವೆ. ಜಿಯೋ ಶುರುವಿನಿಂದಲೂ ಇದನ್ನು ನೆಚ್ಚಿದ್ದರಿಂದ ಭಾರತ ಐಪಿವಿ6 ಬಳಕೆಯಲ್ಲಿ ಜಗತ್ತಿನ ಮುಂಚೂಣಿ ದೇಶಗಳಲ್ಲಿ ಒಂದಾಗಿದೆ. ಪ್ರತಿ ಯಂತ್ರಕ್ಕೂ ತನ್ನದೇ ವಿಳಾಸ ಸಿಕ್ಕರೆ ಹಂಚಿಕೆಯ ಗಣಿತ ಬೇಕಿಲ್ಲ. ಆದರೂ ಬಾಗಿಲಲ್ಲಿ ಫೈರ್‌ವಾಲ್ ಬೇಕೇ ಬೇಕು. ಹೊರಗಿನವರು ತಾವಾಗಿ ಒಳಬರದಂತೆ ತಡೆಯುವ ಕೆಲಸವನ್ನು ಇಷ್ಟು ದಿನ ಪುಕ್ಕಟೆಯಾಗಿ ಮಾಡುತ್ತಿದ್ದದ್ದು ವಿಳಾಸ ಬದಲಿಸುವ ಯಂತ್ರವೇ.

ಈಗ ಯಾರಿಗೆ ಬೇಕು

ಫೈಬರ್ ಬಂದಿರುವ ಮನೆಯಲ್ಲಿ ಕಂಪ್ಯೂಟರ್ ಮೂಲಕ ಹಂಚುವುದಕ್ಕೆ ಕಾರಣವಿಲ್ಲ. ಕಂಪನಿ ಕೊಡುವ ಡಬ್ಬಿಯೇ ರೌಟರ್. ಆದರೂ ಈ ಪದ್ಧತಿ ಸರಿಯಾಗಿ ಹೊಂದುವ ಸಂದರ್ಭಗಳು ಉಳಿದಿವೆ. ಹೋಟೆಲ್ ಕೋಣೆಯಲ್ಲಿ ಒಂದೇ ತಂತಿ ಅಥವಾ ಒಂದೇ ಲಾಗಿನ್ ಕೊಟ್ಟಿದ್ದರೆ, ವೈಫೈ ಇಲ್ಲದ ಹಳೆಯ ಯಂತ್ರಕ್ಕೆ ಲ್ಯಾಪ್‌ಟಾಪಿನ ವೈಫೈಯಿಂದ ತಂತಿ ಎಳೆಯಬೇಕಾದರೆ, ರಾಸ್ಪ್‌ಬೆರಿ ಪೈಯಂಥ ಪುಟ್ಟ ಬೋರ್ಡಿಗೆ ಪ್ರಯೋಗದ ಮೇಜಿನ ಮೇಲೆ ಇಂಟರ್ನೆಟ್ ಬೇಕಾದರೆ ಇದಕ್ಕಿಂತ ಸುಲಭದ ದಾರಿಯಿಲ್ಲ. 2016ರ ನಂತರದ ವಿಂಡೋಸ್ 10ರಲ್ಲಿ 'ಮೊಬೈಲ್ ಹಾಟ್‌ಸ್ಪಾಟ್' ಎಂಬ ಗುಂಡಿ ಒತ್ತಿದರೆ ಎಂಟು ಯಂತ್ರಗಳವರೆಗೆ ಸೇರಬಹುದು. ಒಂದೇ ಕಂಪ್ಯೂಟರಿನೊಳಗೆ ಇನ್ನೊಂದು ನಕಲಿ ಕಂಪ್ಯೂಟರ್ ನಡೆಸುವ ವಿಂಡೋಸಿನ 'ಹೈಪರ್-ವಿ'ಗೆ ಇಂಟರ್ನೆಟ್ ಕೊಡುವುದೂ 1999ರ ಅದೇ ಐಸಿಎಸ್‌ನ ಮುಂದುವರಿದ ರೂಪ.

ಹಳೆಯ ಐಸಿಎಸ್ ಬಳಸುವವರಿಗೆ ಒಂದು ಕಿರಿಕಿರಿ ಕಾದಿರುತ್ತದೆ: ವಿಂಡೋಸ್ 10ರಲ್ಲಿ ಕಂಪ್ಯೂಟರ್ ಆರಿಸಿ ಹಚ್ಚಿದರೆ ಹಂಚಿಕೆ ನಿಂತುಹೋಗಿರುತ್ತದೆ. ಮೈಕ್ರೋಸಾಫ್ಟ್ ಇದನ್ನು ಒಪ್ಪಿ, ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಸೇರಿಸುವ, ಐಸಿಎಸ್ ಸೇವೆಯನ್ನು ತಾನಾಗಿ ಶುರುವಾಗುವಂತೆ ಬದಲಿಸುವ ಪರಿಹಾರ ಕೊಟ್ಟಿದೆ.

ಕಂಪನಿಯ ಮಟ್ಟದ ಹಂಚಿಕೆ ತಮ್ಮ ಮನೆಗೂ ಅನ್ವಯಿಸುತ್ತದೆಯೇ ಎಂದು ಪರೀಕ್ಷಿಸಲು ವಿಶೇಷ ಜ್ಞಾನ ಬೇಕಿಲ್ಲ. ರೌಟರಿನ ಪುಟ ತೆರೆದು 'ವ್ಯಾನ್' ಎಂಬಲ್ಲಿರುವ ವಿಳಾಸ ನೋಡಬೇಕು. ಅದು 100.64ರಿಂದ 100.127ರ ನಡುವೆ ಇದ್ದರೆ, ಇಲ್ಲವೇ 10ರಿಂದ ಶುರುವಾದರೆ ಮನೆಯ ಮುಂದೆ ಇನ್ನೊಂದು ಹಂಚುವ ಯಂತ್ರವಿದೆ. ಬರೀ ನೋಡುವ, ಓದುವ ಮನೆಗೆ ಅದರಿಂದ ತೊಂದರೆಯಿಲ್ಲ. ಹೊರಗಿನಿಂದ ಮನೆಯ ಯಂತ್ರ ಮುಟ್ಟಬೇಕಾದವರು ಸೇವಾ ಕಂಪನಿಯಲ್ಲಿ ಸ್ಥಿರ ಸಾರ್ವಜನಿಕ ವಿಳಾಸ ಸಿಗುತ್ತದೆಯೇ, ಅದಕ್ಕೆ ಎಷ್ಟು ಹೆಚ್ಚುವರಿ ಹಣ ಎಂದು ಕೇಳಬೇಕು. ಸಿಗದಿದ್ದರೆ ಐಪಿವಿ6 ಕೊಡುತ್ತಾರೆಯೇ ಎಂಬುದು ಎರಡನೇ ಪ್ರಶ್ನೆ.